ಓಲೆಯೂ ಮುದ್ರೆಯೂ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರು ಒಂದು ಬಂಡೆಗಲ್ಲಿನ ಶಾಸನವನ್ನು ಕಂಡುಹಿಡಿದರು. ಅದುವರೆಗೆ ದೊರೆತಿದ್ದ ಅಂತಹ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರವೇ ಇದ್ದವು. ಆ ಅರಸನು ಅಶೋಕನೆಂದು ವಿದ್ವಾಂಸರು ಅನ್ಯ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಕಲ್ಲಿನಲ್ಲಿ ಅಶೋಕನ ಹೆಸರೇ ಇದ್ದುದರಿಂದ ಆ ಮಾತು ನಿಶ್ಚಿತವಾಯಿತು. ನುಡಿ ಎಷ್ಟೇ ಹಿರಿದಾಗಿರಲಿ, ಅದನ್ನು ನುಡಿದವರು ಯಾರೆಂಬುದು ತಿಳಿಯಬೇಕು.

ಆದರೆ ಹೆಸರೊಂದೇ ಸಾಲದು. ಅದನ್ನು ಯಾರು ಬೇಕಾದರೂ ಬರೆಯಬಹುದು. ಆದುದರಿಂದಲೇ ಬಾದಾಮಿಯ ಚಾಲುಕ್ಯರು ತಾಮ್ರಪಟಗಳನ್ನು ಪೋಣಿಸಿದ ಬಳೆಗೆ ವರಾಹಮುದ್ರೆಯನ್ನು ಒತ್ತಿಸುತ್ತಿದ್ದರು. ಹೀಗಿದ್ದರೂ ಭೂಮಿಯ ಆಸೆಗಾಗಿ ಕೂಟಶಾಸನಗಳನ್ನು ಬರೆಸಿದವರುಂಟು.

ಇ-ಮೇಲ್ ಎಂಬ ಇಂದಿನ ಓಲೆಗೆ ಮೊದಲು ಮುದ್ರೆಯೇ ಇರಲಿಲ್ಲ. ಅದರ ಸಾಗಣೆಗಾಗಿ 1982ರಲ್ಲಿ ರೂಪಿಸಿದ ಎಸ್‌ಎಂಟಿಪಿ ನಿಯಮಗಳಲ್ಲಿ ಕಳುಹಿಸುವವನ ಹೆಸರನ್ನು ಪರೀಕ್ಷಿಸುವ ಏರ್ಪಾಡಿರಲಿಲ್ಲ. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆದು ಅಂಚೆಪೆಟ್ಟಿಗೆಗೆ ಹಾಕುವಂತೆ, ಯಾವ ಸಂಸ್ಥೆಯ ಹೆಸರಿನಲ್ಲಾದರೂ ಪತ್ರ ಕಳುಹಿಸಬಹುದಾಗಿತ್ತು.

ಮಸ್ಕಿಯಿರುವ ಜಿಲ್ಲೆಯದೇ ಊರಾದ ಮಲ್ಲಟದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಅರ್ಜಿ ಸಲ್ಲಿಸಿ ಉತ್ತರಕ್ಕಾಗಿ ಕಾದಿರುವಳೆಂದು ಊಹಿಸಬಹುದು. ಕಾಲೇಜಿನ ಹೆಸರಿನಲ್ಲಿ ವಂಚಕನೊಬ್ಬನು ಶುಲ್ಕ ಕೇಳಿದರೆ, ತಂದೆಯು ಹತ್ತಿ ಮಾರಿ ತಂದ ಹಣ ಹೋಗುತ್ತದೆ. ಕಾಲೇಜೇ ಬರೆದ ನಿಜವಾದ ಪತ್ರವು ಸಂಶಯಕ್ಕೀಡಾಗಿ ಸ್ಪ್ಯಾಮಿಗೆ ಸೇರಿದರೆ, ಅವಳ ಸೀಟು ಹೋಗುತ್ತದೆ. ಮುದ್ರೆಯಿಲ್ಲದಿದ್ದರೆ ಸುಳ್ಳು ಗೆಲ್ಲುವುದಷ್ಟೇ ಅಲ್ಲ, ಸತ್ಯವೂ ಮನೆ ಮುಟ್ಟುವುದಿಲ್ಲ.

ಇದಕ್ಕೆ ಪರಿಹಾರವಾಗಿ ಮೂರು ಏರ್ಪಾಡುಗಳು ಬಂದವು. ಇ-ಮೇಲ್ ವಿಳಾಸದಲ್ಲಿ ‘ಅಟ್’ ಚಿಹ್ನೆಯ ಮುಂದೆ ಬರುವ ಹೆಸರಿಗೆ ಡೊಮೈನ್ ಎನ್ನುವರು. ಅದರ ವಿವರಗಳಿರುವ ದಾಖಲೆಯೇ ಡಿಎನ್‌ಎಸ್. ಚಾವಡಿಯ ಫಲಕದಂತೆ ಇದನ್ನು ಎಲ್ಲರೂ ಓದಬಹುದು; ತಿದ್ದುವ ಅಧಿಕಾರ ಡೊಮೈನಿನ ಒಡೆಯನಿಗೆ ಮಾತ್ರ. ತನ್ನ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರುಗಳು ಯಾವುವೆಂದು ಒಡೆಯನು ಅಲ್ಲಿ ಬರೆದಿಡುವುದು ಎಸ್‌ಪಿಎಫ್. ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಹಾಕಿ, ಅದನ್ನು ಪರೀಕ್ಷಿಸಲು ಬೇಕಾದ ಬಹಿರಂಗ ಕೀಲಿಯನ್ನು ಅಲ್ಲಿ ಇಡುವುದು ಡಿಕಿಮ್. ಸಹಿಯಾದ ಒಕ್ಕಣೆಯು ದಾರಿಯಲ್ಲಿ ತಿದ್ದಲ್ಪಟ್ಟರೆ ಆ ಸಹಿ ಹೊಂದುವುದಿಲ್ಲ. ಈ ಎರಡರಲ್ಲಿ ಒಂದಾದರೂ ಓದುಗನಿಗೆ ಕಾಣುವ ಡೊಮೈನಿಗೆ ಹೊಂದಬೇಕೆಂದೂ, ಹೊಂದದ ಪತ್ರವನ್ನು ಸ್ವೀಕರಿಸಬೇಕೋ, ಬೇರೆಯಿಡಬೇಕೋ, ತಿರಸ್ಕರಿಸಬೇಕೋ ಎಂದೂ ತಿಳಿಸುವುದು ಡಿಮಾರ್ಕ್. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000 ಅಥವಾ ಅದಕ್ಕೂ ಹೆಚ್ಚು ಪತ್ರಗಳನ್ನು ಕಳುಹಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಸಂಸ್ಥೆಯು ಈ ಮೂರನ್ನೂ ಕಡ್ಡಾಯಗೊಳಿಸಿತು.

ಆದರೂ ಒಂದು ಎಚ್ಚರಿಕೆ ಅವಶ್ಯ. ಪತ್ರವು ಯಾರ ಹೆಸರಿನದೆಂಬುದನ್ನು ಮುದ್ರೆಯು ಹೇಳುತ್ತದೆ. ಅದರ ಒಕ್ಕಣೆ ಸತ್ಯವೆಂದು ಹೇಳುವುದಿಲ್ಲ. ಕಾಲೇಜಿನ ಡೊಮೈನಿನಲ್ಲಿ ಒಂದಕ್ಷರ ಬದಲಿಸಿ ವಂಚಕನು ಬೇರೊಂದು ಡೊಮೈನನ್ನು ಪಡೆದರೆ, ಅವನ ಪತ್ರಕ್ಕೂ ಸರಿಯಾದ ಮುದ್ರೆ ಬೀಳಬಲ್ಲದು. ಆದುದರಿಂದ ಹಣ ಕಟ್ಟುವ ಮೊದಲು ಆ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು. ತನ್ನ ಹೆಸರಿಗೆ ಮುದ್ರೆಯೊತ್ತುವುದು ಬರೆಯುವವನ ಹೊಣೆ. ಮುದ್ರೆಯನ್ನು ನೋಡಿದ ಮೇಲೂ ಹೆಸರನ್ನು ಓದುವುದು ಪಡೆಯುವವನ ಹೊಣೆ.