ಪ್ಲೇಟ್‌ಲೆಟ್ ಸರಿಯಿದ್ದರೂ ರಕ್ತ ನಿಲ್ಲದಿದ್ದರೆ

ಹಲವು ವರ್ಷಗಳ ಹಿಂದೆ ತಾಯಿಯೊಬ್ಬರು ಏಳು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಾಲಕನ ಮೊಣಕಾಲು ಊದಿಕೊಂಡು ಬಿಸಿಯಾಗಿತ್ತು. ಸಂಧಿವಾತವೆಂದು ಬಗೆದು ಎಣ್ಣೆ ತಿಕ್ಕಲು ಹೇಳಿದೆವು. ಮೂರನೆಯ ದಿನ ಊತ ಇಮ್ಮಡಿಯಾಯಿತು. ಆಗ ವಿಚಾರಿಸಲಾಗಿ, ಹಾಲುಹಲ್ಲು ಬಿದ್ದಾಗ ಎರಡು ದಿನ ರಕ್ತ ಒಸರಿದ್ದನ್ನೂ, ತಮ್ಮ ಸೋದರನೊಬ್ಬನು ಎಳವೆಯಲ್ಲಿಯೇ ರಕ್ತಸ್ರಾವದಿಂದ ತೀರಿಕೊಂಡಿದ್ದನ್ನೂ ಆ ತಾಯಿ ತಿಳಿಸಿದರು. ಮೊದಲು ಕೇಳಬೇಕಾದುದನ್ನು ನಾವು ಕೊನೆಗೆ ಕೇಳಿದ್ದೆವು.

ಅವರ ಬಳಿ ಹಳೆಯ ವರದಿಯೊಂದಿತ್ತು. ಪ್ಲೇಟ್‌ಲೆಟ್ 2,60,000 ಇದ್ದುದರಿಂದ ಎಲ್ಲವೂ ಸರಿಯಿದೆಯೆಂದು ಮನೆಯವರು ನಿಶ್ಚಿಂತರಾಗಿದ್ದರು. ಅನೇಕರು ಎಡವುವುದು ಇಲ್ಲಿಯೇ.

ರಕ್ತ ನಿಲ್ಲುವ ಕ್ರಿಯೆಗೆ ಎರಡು ಹಂತಗಳಿವೆ. ಮೊದಲು ಪ್ಲೇಟ್‌ಲೆಟ್ ಕಣಗಳು ಗಾಯದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಬಳಿಕ ರಕ್ತದ್ರವದಲ್ಲಿರುವ ಫ್ಯಾಕ್ಟರ್‌ಗಳು ಫೈಬ್ರಿನ್ ಎಂಬ ಬಲೆಯನ್ನು ನೇಯ್ದು ಅದನ್ನು ಗಟ್ಟಿಗೊಳಿಸುತ್ತವೆ. ಸುಶ್ರುತ ಸಂಹಿತೆಯು ರಕ್ತ ನಿಲ್ಲಿಸುವ ನಾಲ್ಕು ಉಪಾಯಗಳಲ್ಲಿ ಸ್ಕಂದನವನ್ನು, ಅಂದರೆ ಹೆಪ್ಪುಗಟ್ಟಿಸುವುದನ್ನು, ಹೇಳಿದೆ. ಪ್ಲೇಟ್‌ಲೆಟ್ ಎಣಿಕೆಯು ಎರಡನೆಯ ಹಂತದ ವಿಷಯವನ್ನು ತಿಳಿಸುವುದಿಲ್ಲ. ಅದಕ್ಕೆ ಪಿ.ಟಿ. ಮತ್ತು ಎ.ಪಿ.ಟಿ.ಟಿ. ಎಂಬ ಪರೀಕ್ಷೆಗಳು ಬೇಕು.

ಪ್ಲೇಟ್‌ಲೆಟ್ ಬಹಳ ಕಡಿಮೆಯಿದ್ದು ಉಳಿದೆರಡು ಸರಿಯಿದ್ದರೆ ಚರ್ಮದ ಮೇಲೆ ಕೆಂಪು ಚುಕ್ಕೆಗಳು, ಮೂಗು ಮತ್ತು ವಸಡಿನಿಂದ ರಕ್ತ ಕಾಣಬಹುದು. ಯಕೃತ್ತಿನ ತೀವ್ರ ರೋಗದಲ್ಲಿಯೂ ವಿಟಮಿನ್ ಕೆ ಕೊರತೆಯಲ್ಲಿಯೂ ಮೊದಲು ಪಿ.ಟಿ., ಆಮೇಲೆ ಎರಡೂ ಏರುತ್ತವೆ. ಎ.ಪಿ.ಟಿ.ಟಿ. ಒಂದೇ ಏರಿದ್ದು, ಕೀಲು ಮತ್ತು ಸ್ನಾಯುಗಳಲ್ಲಿ ರಕ್ತ ಸೇರುತ್ತಿದ್ದರೆ ಹಿಮೋಫಿಲಿಯಾವನ್ನು ಶಂಕಿಸಬೇಕು. ವಾನ್ ವಿಲೆಬ್ರಾಂಡ್ ರೋಗದಲ್ಲಿ ಈ ಮೂರೂ ಸರಿಯಿರಬಹುದು; ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ನಮ್ಮ ಬಾಲಕನ ಪಿ.ಟಿ. 13 ಸೆಕೆಂಡು, ಎಂದರೆ ಸರಿ. ಎ.ಪಿ.ಟಿ.ಟಿ. ಸುಮಾರು 35 ಸೆಕೆಂಡಿನೊಳಗೆ ಇರಬೇಕಾದುದು 92 ಇತ್ತು. ಫ್ಯಾಕ್ಟರ್ 8 ಶೇಕಡಾ 1ಕ್ಕಿಂತ ಕಡಿಮೆ: ತೀವ್ರ ಹಿಮೋಫಿಲಿಯಾ ಎ. ನಾವು ಸಂಧಿವಾತವೆಂದು ತಿಳಿದದ್ದು ಕೀಲಿನೊಳಗೆ ತುಂಬಿದ ರಕ್ತವಾಗಿತ್ತು.

ಇಲ್ಲದ ಫ್ಯಾಕ್ಟರನ್ನು ತುಂಬುವ ಕಷಾಯವಾಗಲಿ ಭಸ್ಮವಾಗಲಿ ನಮ್ಮಲ್ಲಿಲ್ಲ. ಇದನ್ನು ಹೇಳಲು ವೈದ್ಯನು ಸಂಕೋಚಪಡಬಾರದು. ಫ್ಯಾಕ್ಟರ್ ಚುಚ್ಚುಮದ್ದಿಗೆ ಬಾಲಕನನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಕುಟುಂಬಗಳಿಗೆ ನೆರವಾಗುತ್ತದೆ.

ಇಂಥ ಮಕ್ಕಳ ಊದಿದ ಕೀಲನ್ನು ತಿಕ್ಕಬಾರದು, ಶಾಖ ಕೊಡಬಾರದು; ವಿಶ್ರಾಂತಿ ಕೊಟ್ಟು ತಣ್ಣೀರ ಪಟ್ಟಿ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್ ಬೇಡ, ಸ್ನಾಯುವಿಗೆ ಚುಚ್ಚುಮದ್ದು ಬೇಡ. ಹಲ್ಲು ಕೀಳಿಸುವ ಮುನ್ನ ರೋಗದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಆ ಬಾಲಕ ಈಗ ಪದವಿ ಓದುತ್ತಿದ್ದಾನೆ. ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿದಿದೆ. ಅಂದಿನಿಂದ, ಊದಿದ ಕೀಲಿನ ಮಗು ಬಂದರೆ, ಎಣ್ಣೆಯ ಮಾತಿಗೆ ಮೊದಲು ನಾವು ಕೇಳುವುದು ಒಂದೇ: ತಾಯಿಯ ತವರಿನಲ್ಲಿ ಗಂಡುಮಕ್ಕಳಿಗೆ ಗಾಯದ ರಕ್ತ ನಿಲ್ಲದೆ ತೊಂದರೆಯಾಗಿತ್ತೆ?