ಬಿತ್ತುವದಕ್ಕೆ ಮುಂಚೆ ನೀರನ್ನು ಲೆಕ್ಕಿಸಿರಿ

ಮಳೆ ಕಡಿಮೆಯಾದ ಸೀಮೆಯಲ್ಲಿ ಒಂದೇ ಹೊಲದಿಂದ ವರುಷಕ್ಕೆ ಎರಡು ಮೂರು ಬೆಳೆಗಳನ್ನು ತೆಗೆಯಬೇಕೆಂಬ ಆಶೆಯು ತಪ್ಪಲ್ಲ. ಆದರೆ ನೀರು ಎಷ್ಟುಂಟೆಂದು ತಿಳಿಯದೆ ಬೆಳೆಯನ್ನು ಹೆಚ್ಚಿಸುವವನು ಬುತ್ತಿಯನ್ನು ನೋಡದೆ ದೂರ ಪ್ರಯಾಣಕ್ಕೆ ಹೊರಟವನಿಗೆ ಸಮಾನನು.

ಈ ಲೆಕ್ಕವು ಕಠಿಣವಾದದ್ದಲ್ಲ. ಒಂದು ಎಕರೆಯ ಮೇಲೆ 1 ಮಿಲ್ಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುವದು. ಅದೇ ಎಕರೆಯಲ್ಲಿ ಒಂದು ಸಾರಿ 5 ಸೆಂಟಿಮೀಟರ್ ನಿಲ್ಲುವಂತೆ ಹಾಯಿಸಿದರೆ 2 ಲಕ್ಷ ಲೀಟರ್ ವೆಚ್ಚವಾಗುವದು. ಬಿದ್ದ ಮಳೆಯೆಲ್ಲಾ ನೆಲದೊಳಕ್ಕೆ ಇಳಿಯುವದೂ ಇಲ್ಲ. ಬಹು ಭಾಗವು ಹರಿದೂ ಆವಿಯಾಗಿಯೂ ಹೋಗುವದು.

ಮಹಾರಾಷ್ಟ್ರದ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ ಎಂಬ ಗ್ರಾಮವು ಇದಕ್ಕೆ ದೃಷ್ಟಾಂತವಾಗಿದೆ. ಬರದ ನಿಮಿತ್ತ ಅನೇಕರು ಆ ಊರನ್ನು ಬಿಟ್ಟಿದ್ದರು. 1990ರಿಂದೀಚೆಗೆ ಸರಪಂಚರಾದ ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಜನರು ಗುಡ್ಡಗಳ ಇಳಿಜಾರಿಗೆ ಅಡ್ಡಲಾಗಿ ಕಂದಕಗಳನ್ನು ತೋಡಿ, ಒಡ್ಡುಗಳನ್ನು ಕಟ್ಟಿ, ಮರಗಳನ್ನು ನೆಟ್ಟರು. ಬೇಸಾಯಕ್ಕೆ ಕೊಳವೆ ಬಾವಿ ಬೇಡ, ಕಬ್ಬು ಬಾಳೆ ಬೇಡ ಎಂದು ನೇಮಿಸಿಕೊಂಡರು. ವರುಷ ವರುಷದ ಮಳೆಯನ್ನು ಅಳೆದು, ಜನಕ್ಕೂ ದನಕ್ಕೂ ಬೇಕಾದದ್ದನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ನಿರ್ಣಯಿಸುವ ಪದ್ಧತಿಯನ್ನಿಟ್ಟರು. ಹೋದ ಕುಟುಂಬಗಳಲ್ಲಿ ಅನೇಕವು ಹಿಂತಿರುಗಿದವು.

ಇದರಿಂದ ನಾವು ಕಲಿಯತಕ್ಕದ್ದೇನು? ಬಾವಿಯು ಒಬ್ಬನದಾದರೂ ನೆಲದೊಳಗಿನ ನೀರು ಎಲ್ಲರದು. ನಾವು ಆಳಕ್ಕೆ ಕೊರೆದರೆ ನೆರೆಯವನ ಬಾವಿ ಬತ್ತೀತು. ಹನಿ ನೀರಾವರಿಯು ಒಳ್ಳೇದು. ಆದರೂ ಅದರಿಂದ ಉಳಿದದ್ದನ್ನು ಮತ್ತೊಂದು ಎಕರೆಗೆ ಹಾಯಿಸಿದರೆ ನೆಲದಲ್ಲಿ ಏನೂ ಉಳಿಯದು. ಆದಕಾರಣ ಬಿತ್ತುವದಕ್ಕೆ ಮುಂಚೆ ಹಗ್ಗವನ್ನು ಇಳಿಬಿಟ್ಟು ಬಾವಿಯ ನೀರನ್ನು ಅಳೆಯೋಣ. ನೆರೆಯವರೊಂದಿಗೆ ಕೂತು ಲೆಕ್ಕಿಸೋಣ. ನೀರು ಸಾಲದ ವರುಷದಲ್ಲಿ ಜೋಳ, ಸಜ್ಜೆ, ತೊಗರಿಗಳಲ್ಲಿ ತೃಪ್ತರಾಗಿರೋಣ.