ಬನ್ನಿಯ ಹೆಸರು, ಆಪಟೆಯ ಎಲೆ

ವಿಜಯದಶಮಿಯ ಸಂಜೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಹಿರಿಯರಿಗೆ ಎಲೆಯನ್ನಿತ್ತು ನಮಸ್ಕರಿಸುವಾಗ ಬಾಯಲ್ಲಿ ಬರುವ ಹೆಸರು ‘ಬನ್ನಿ’; ಕೈಯಲ್ಲಿರುವುದು ಬಹುಮಟ್ಟಿಗೆ ಆಪಟೆಯ ಎಲೆ. ಇದು ಆಚಾರಲೋಪವೇ ಎಂಬ ಶಂಕೆ ಆಸ್ತಿಕರಲ್ಲಿ ಮೂಡುವುದು ಸಹಜ.

ಬನ್ನಿಯೆಂದರೆ ಶಮೀವೃಕ್ಷ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಹೊರಗೆ ಆಯುಧಗಳನ್ನು ಅಡಗಿಸಿಟ್ಟುದು ಇದರಲ್ಲಿಯೇ. ಮುಳ್ಳಿನ, ಕಿರಿಯೆಲೆಗಳ ಈ ಮರ ವಿಜಯಪುರ, ರಾಯಚೂರುಗಳಂತಹ ಒಣಸೀಮೆಗೆ ಒಗ್ಗಿದುದು. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಠಾಣೆಯ ಕಾಡು ಅದರ ತವರಲ್ಲ. ಇಲ್ಲಿಯ ಯೇವೂರು ಬೆಟ್ಟದ ಎಲೆಯುದುರುವ ಕಾಡಿನಲ್ಲಿ ಸಹಜವಾಗಿ ಬೆಳೆಯುವುದು ಆಪಟೆ. ಸಂಸ್ಕೃತದಲ್ಲಿ ಇದಕ್ಕೆ ಅಶ್ಮಂತಕವೆಂದು ಹೆಸರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾಶೀನಾಥ ಉಪಾಧ್ಯಾಯರು ರಚಿಸಿದ ‘ಧರ್ಮಸಿಂಧು’ವು ಶಮಿ ದೊರೆಯದಿದ್ದರೆ ಅಶ್ಮಂತಕವನ್ನು ಪೂಜಿಸಬಹುದೆಂದು ಹೇಳುತ್ತದೆ. ನೆಲ ಬದಲಾದರೆ ಮರವೂ ಬದಲಾಗುವುದೆಂಬುದನ್ನು ಶಾಸ್ತ್ರಕಾರರು ಬಲ್ಲವರಾಗಿದ್ದರು.

ಎಲೆಯು ಬಂಗಾರವಾದ ಕಥೆಗೆ ರಘು ಮಹಾರಾಜನೇ ನಾಯಕ. ಗುರು ವರತಂತುವಿಗೆ ಹದಿನಾಲ್ಕು ಕೋಟಿ ಹೊನ್ನಿನ ದಕ್ಷಿಣೆಯನ್ನು ಸಲ್ಲಿಸಬೇಕಾದ ಕೌತ್ಸನು ರಘುವನ್ನು ಯಾಚಿಸಿದಾಗ, ಕುಬೇರನು ಹೊನ್ನಿನ ಮಳೆಗರೆದನು. ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಆ ಮಳೆ ಬೀಳುವುದು ರಾಜನ ಬೊಕ್ಕಸದಲ್ಲಿ, ಮರದ ಮೇಲೆ ಬಿತ್ತೆನ್ನುವುದು ಜನಪದರ ಕಥನ. ಕೌತ್ಸನು ತನಗೆ ಬೇಕಾದುದಕ್ಕಿಂತ ಒಂದು ನಾಣ್ಯವನ್ನೂ ಹೆಚ್ಚು ತೆಗೆದುಕೊಳ್ಳಲೊಪ್ಪಲಿಲ್ಲ. ಇಂದು ಮರುದಿನದ ಕಸದ ರಾಶಿಯಲ್ಲಿ ಬಾಡಿ ಬಿದ್ದ ಇಡೀ ಕೊಂಬೆಗಳನ್ನು ಕಾಣುವಾಗ ಕಥೆಯ ಈ ಭಾಗವೇ ಮರೆತುಹೋದಂತೆ ತೋರುತ್ತದೆ.

ಇನ್ನೊಂದು ತೊಡಕುಂಟು. ಪೇಟೆಯಲ್ಲಿ ಆಪಟೆಯೆಂದು ಮಾರುವ ಕಟ್ಟುಗಳಲ್ಲಿ ಅನೇಕ ವೇಳೆ ಕಾಂಚನದ, ಎಂದರೆ ನಮ್ಮ ಬಸವನಪಾದದ, ಎಲೆಗಳಿರುತ್ತವೆ. ಎರಡೂ ಒಂದೇ ಕುಲದವು, ಎರಡರ ಎಲೆಯೂ ಗೊರಸಿನಂತೆ ಸೀಳಿದುದು. (ಜೋಡಿ ಸೀಳಿನ ಈ ಕುಲಕ್ಕೆ ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಬಾಹಿನ್ ಎಂಬ ಸೋದರರಿಬ್ಬರ ಹೆಸರಿಟ್ಟುದು ಸೊಗಸಾಗಿದೆ.) ಆಪಟೆಯ ಎಲೆ ಚಿಕ್ಕದು, ಉದ್ದಕ್ಕಿಂತ ಅಗಲ ಹೆಚ್ಚು, ಒರಟು, ತಳಭಾಗ ಬೂದುಬಣ್ಣ, ಬೇಸಗೆಯಲ್ಲಿ ಬಿಡುವ ಹೂಗೊಂಚಲಿನ ಹೂಗಳು ಸಣ್ಣವು, ಬಿಳಿಹಳದಿ. ಕಾಂಚನದ ಎಲೆ ದೊಡ್ಡದು, ತೆಳುವು. ಹೂವು ದೊಡ್ಡದು, ಸಾಮಾನ್ಯವಾಗಿ ನಸುಗೆಂಪು ಇಲ್ಲವೆ ನೇರಳೆ. ‘ಕಾಂಚನ’ವೆಂದರೆ ಚಿನ್ನವೇ ಆದುದರಿಂದ ಕೊಂಡವನಿಗೆ ಹೆಸರಿನ ಮಟ್ಟಿಗಾದರೂ ನಷ್ಟವಿಲ್ಲ! ಆದರೆ ಹಬ್ಬಕ್ಕೆಂದು ಬೋಳಾಗುವ ಮರಗಳಿಗೆ ನಷ್ಟವುಂಟು.

ಪೂಜೆಗೆ ಬೇಕಾದುದು ಒಂದೆರಡು ಎಲೆ. ಮರವು ಸಮೀಪದಲ್ಲಿದ್ದರೆ ಅದರ ಬುಡದಲ್ಲಿಯೇ ಅಕ್ಷತೆಯಿಟ್ಟು, ಪ್ರದಕ್ಷಿಣೆ ಬಂದು, ಕೊಂಬೆ ಮುರಿಯದೆ ಎಲೆಯನ್ನು ಬಿಡಿಸಿಕೊಳ್ಳಬಹುದು. ಆಪಟೆಯ ಚಪ್ಪಟೆಯಾದ ಕಾಯಿಗಳು ಬಲಿಯುವುದು ಹಬ್ಬ ಕಳೆದು ಚಳಿ ಬಿದ್ದ ಮೇಲೆ. ಆಗ ಬೀಜ ಕೂಡಿಟ್ಟುಕೊಂಡು, ಮಳೆಗಾಲಕ್ಕೆ ಮುನ್ನ ರಾತ್ರಿಯಿಡೀ ನೆನೆಸಿ ಬಿತ್ತಿದರೆ ವಸತಿಗೃಹದ ಅಂಗಳದ ಮೂಲೆಯಲ್ಲಿಯೂ ಸಸಿಯೇಳುತ್ತದೆ.